ಮೆತ್ತಿನ ಮೇಲೆ ಬಚ್ಚಲು: ಟೈಲ್ಸ್ ಕೂರಿಸುವ ಮೊದಲು ಹಲಗೆ ನೆಲ ಹೇಗೆ ತಯಾರು ಮಾಡಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹಳೇ ಮನೆಗಳಲ್ಲಿ ಮೆತ್ತಿನ (ಮರದ ಮಹಡಿಯ) ಮೇಲೆ ಬಚ್ಚಲು ಮಾಡಿಸುವವರು ಈಗ ಜಾಸ್ತಿ ಆಗಿದ್ದಾರೆ. ಹೋಂಸ್ಟೇ ನಡೆಸುವವರಿಗೆ ಕೋಣೆಗೊಂದು ಬಾತ್‌ರೂಮ್ ಬೇಕೇ ಬೇಕು. ಊರಿಗೆ ಬಂದ ಮಕ್ಕಳು ಮಳೆಯಲ್ಲಿ, ರಾತ್ರಿ ಹೊತ್ತಿನಲ್ಲಿ, ಕೆಳಗಿಳಿದು ಹಿತ್ತಲ ಬಚ್ಚಲಿಗೆ ಹೋಗಲು ಒಪ್ಪುವುದಿಲ್ಲ. ಆಸೆ ಸರಿಯಾಗಿಯೇ ಇದೆ. ಆದರೆ ಕಾಲ ಕೆಳಗಿರುವುದು ಸ್ಲ್ಯಾಬ್ ಅಲ್ಲ, ಜಂತೆ ಮೇಲೆ ಬಡಿದ ಹಲಗೆ. ಅದರ ಮೇಲೆ ಸೀದಾ ಗಾರೆ ಸುರಿದು ಟೈಲ್ಸ್ ಕೂರಿಸಿದರೆ ನಿಲ್ಲುವುದಿಲ್ಲ.

ನಮ್ಮ ಮನೆಯಲ್ಲಿ ಆಗಿದ್ದು ಇದೇ. ಮೇಸ್ತ್ರಿ ಹಲಗೆ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಎರಡು ಇಂಚು ಗಾರೆ ಹಾಕಿ ಟೈಲ್ಸ್ ಹಾಕಿದರು. ಮೊದಲ ವರ್ಷ ಚೆಂದ ಇತ್ತು. ಎರಡನೇ ಆಷಾಢದಲ್ಲಿ ಬಾಗಿಲ ಹತ್ತಿರದ ಟೈಲ್ಸ್ ಮೆಟ್ಟಿದರೆ ಟಕ್ ಟಕ್ ಸದ್ದು, ಸಂದಿನ ಗ್ರೌಟ್ ಪುಡಿಯಾಗಿ ಬೆರಳಿಗೆ ಬರುತ್ತಿತ್ತು. ಆಮೇಲೆ ಕೆಳಗೆ ಜಗುಲಿಯ ಮುಚ್ಚಿಗೆಯಲ್ಲಿ ಅಂಗೈಯಗಲ ಕಪ್ಪು ಕಲೆ. ಬಿಚ್ಚಿ ನೋಡಿದಾಗ ಹಲಸಿನ ಹಲಗೆ ನೆನೆದ ರಟ್ಟಿನ ಹಾಗೆ ಪದರು ಪದರಾಗಿ ಎದ್ದಿತ್ತು. ಅಜ್ಜನ ಕಾಲದ ಹಲಗೆ ಅದು, ಬಹಳ ಬೇಜಾರಾಯಿತು. ಎರಡನೇ ಸಲ ಓದಿ, ಕೇಳಿ, ಆಚಾರಿಯ (ಬಡಗಿಯ) ಜೊತೆಗೇ ಕೂತು ಮಾಡಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಮರ ಸುಮ್ನೆ ಇರುವುದಿಲ್ಲ. ಮೇಲೆ ನಡೆದರೆ ಬಾಗುತ್ತದೆ, ಮಳೆಗಾಲದ ತೇವಕ್ಕೆ ಅಡ್ಡಡ್ಡ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಟೈಲ್ಸ್ ಮತ್ತು ಗ್ರೌಟ್ ಬಾಗುವುದೂ ಇಲ್ಲ, ಹಿಗ್ಗುವುದೂ ಇಲ್ಲ, ಬಿರಿಯುತ್ತವೆ. ಹಾಗಾಗಿ ತಯಾರಿ ಅಂದರೆ ಮೂರು ಕೆಲಸ: ನೆಲ ಬಾಗದಂತೆ ಮಾಡುವುದು, ಮರದ ಹಿಗ್ಗು ಟೈಲ್ಸಿಗೆ ತಾಗದಂತೆ ನಡುವೆ ಒಂದು ಪದರು ಕೊಡುವುದು, ನೀರು ಮರಕ್ಕೆ ಇಳಿಯದಂತೆ ತಡೆಯುವುದು.

ಕೆಲಸ ಹಿಡಿಯುವ ಕಾಲ ನೋಡಿಕೊಳ್ಳಿ. ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯದು. ಅಷ್ಟರಲ್ಲಿ ಅಡಿಕೆ ಕೊಯ್ಲು ಮುಗಿದು ಜನ ಸಿಗುತ್ತಾರೆ, ಮರವೂ ಒಣಗಿರುತ್ತದೆ. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಇದೇ ಹೊತ್ತಿಗೆ ಬರುತ್ತದೆ, ಜಾತ್ರೆಯ ವರ್ಷವಾದರೆ ಆಚಾರಿಗೆ ಮೊದಲೇ ಹೇಳಿಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ತೇವ ಕುಡಿದ ಮರದ ಮೇಲೆ ಕೆಲಸ ಮಾಡಿದರೆ ಬೇಸಿಗೆಯಲ್ಲಿ ಅದು ಕುಗ್ಗುವಾಗ ಮೇಲಿನದೆಲ್ಲ ಎಳೆದುಕೊಂಡು ಬಿಡುತ್ತದೆ. ಮರದ ತೇವ ಅಳೆಯುವ ಮೀಟರ್ ಸಿಕ್ಕರೆ ಹಚ್ಚಿ ನೋಡಿ, ಶೇ. 15ರ ಒಳಗೆ ಬರುವವರೆಗೆ ಕಾಯಿರಿ.

ಈಗ ಜಂತೆ. ಕೆಳಗಿನಿಂದ ಟಾರ್ಚ್ ಹಿಡಿದು ಒಂದೊಂದೇ ನೋಡಿ. ಮಧ್ಯಭಾಗ ಗಟ್ಟಿ ಇದ್ದರೂ ಗೋಡೆಯೊಳಗೆ ಹೊಕ್ಕಿರುವ ತುದಿ ಹಾಳಾಗಿರುತ್ತದೆ. ಚಿರೆಕಲ್ಲಾಗಲಿ ಮಣ್ಣಿನ ಗೋಡೆಯಾಗಲಿ, ಮಳೆಗಾಲದಲ್ಲಿ ನೀರು ಹೀರುತ್ತದೆ, ಅದರ ತೇವವನ್ನೆಲ್ಲ ಆ ತುದಿ ಕುಡಿಯುತ್ತದೆ. ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಯ ಹತ್ತಿರ ಒತ್ತಿ. ಗಟ್ಟಿ ಮರವಾದರೆ ಮೊನೆ ನಿಲ್ಲುತ್ತದೆ. ಅರ್ಧ ಇಂಚು ಒಳಗೆ ಹೋದರೆ ಆ ಜಂತೆ ಮುಗಿಯಿತು ಅಂತಲೇ ತಿಳಿಯಿರಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳ, ಮಣ್ಣಿನ ಗೆರೆ ಕಂಡರೆ ಗೆದ್ದಲು. ಹಾಳಾಗಿದ್ದನ್ನು ಬದಲಿಸಿ. ಉಳಿದದ್ದಕ್ಕೆ ಬೋರಿಕ್ ಆಸಿಡ್ ಮತ್ತು ಬೋರಾಕ್ಸ್ ಕಲಸಿದ ನೀರನ್ನು ಎರಡು ಸಲ ಬ್ರಷ್‌ನಲ್ಲಿ ಹಚ್ಚಿ ಒಣಗಿಸಿ. ನಮ್ಮ ಕಡೆ ಗೇರು ಎಣ್ಣೆ ಬಳಿಯುವ ರೂಢಿಯೂ ಇದೆ. ಕೆಳಗಿನ ಜಂತೆಗೆ ಅಡ್ಡಿಯಿಲ್ಲ, ಆದರೆ ಕೈಗೆ ತಾಗಿದರೆ ಚರ್ಮ ಸುಡುತ್ತದೆ, ಮುಂದೆ ಮೇಲೆ ಹಾಕುವ ಪ್ಲೈವುಡ್‌ಗೆ ಬಿದ್ದರೆ ಟೈಲ್ಸ್ ಕೆಲಸದ ಗಮ್ ಹಿಡಿಯುವುದಿಲ್ಲ. ಮುಖ್ಯ ತೊಲೆಯೇ ಕೆಟ್ಟಿದ್ದರೆ ಮಾತ್ರ ಇಂಜಿನಿಯರ್‌ಗೆ ತೋರಿಸದೆ ಮುಂದುವರಿಯಬೇಡಿ.

ಬಾಗು ಎಷ್ಟಿರಬಹುದು? ಟೈಲ್ಸಿಗೆ ಎಲ್ಲ ಕಡೆ ಒಪ್ಪಿದ ಲೆಕ್ಕ ಒಂದಿದೆ. ಜಂತೆಯ ಉದ್ದವನ್ನು 360ರಿಂದ ಭಾಗಿಸಿ, ತೂಕ ಬಿದ್ದಾಗ ಅದಕ್ಕಿಂತ ಜಾಸ್ತಿ ಬಾಗಬಾರದು. 10 ಅಡಿ ಜಂತೆಗೆ ಸುಮಾರು 8 ಮಿ.ಮೀ. ಗ್ರಾನೈಟ್, ಮಾರ್ಬಲ್ ಹಾಕುವುದಾದರೆ 720ರಿಂದ ಭಾಗಿಸಬೇಕು, ಅಂದರೆ 4 ಮಿ.ಮೀ. ಅಷ್ಟೇ. ಕಣ್ಣಿಗೆ ಕಾಣುವ ಪರೀಕ್ಷೆಯೂ ಇದೆ. ಹಲಗೆಯ ನಡುವೆ ಒಂದು ಚೊಂಬು ತುಂಬಾ ನೀರಿಟ್ಟು, ಪಕ್ಕದಲ್ಲಿ ಒಬ್ಬರು ಹಿಮ್ಮಡಿ ಎತ್ತಿ ಒಮ್ಮೆ ನೆಲಕ್ಕೆ ಬಿಡಲಿ. ನಮ್ಮದರಲ್ಲಿ ನೀರು ಅಂಚು ದಾಟಿ ಚೆಲ್ಲಿತ್ತು. ಜಂತೆಗಳ ನಡುವೆ ಎರಡೆರಡು ಅಡಿ ಅಂತರ ಇತ್ತು, ಹಾಗಾದರೆ ಇನ್ನೇನಾಗುತ್ತದೆ ಅಲ್ವಾ? ಎರಡರ ನಡುವೆ ಒಂದೊಂದು ಹೊಸ ಜಂತೆ ಕೊಟ್ಟು ಅಂತರ ಒಂದು ಅಡಿಗೆ ಇಳಿಸಿದೆವು. ಹಳೇ ತೆಳು ಜಂತೆಗಳ ಮಗ್ಗುಲಿಗೆ ಅದೇ ಎತ್ತರದ ಮತ್ತಿ ಮರದ ತುಂಡು ಸೇರಿಸಿ 12 ಮಿ.ಮೀ. ಬೋಲ್ಟ್ ಹಾಕಿದೆವು. ಮಧ್ಯೆ ಅಡ್ಡಪಟ್ಟಿ ಹೊಡೆದೆವು. ಆಮೇಲೆ ಚೊಂಬಿನ ನೀರಲ್ಲಿ ಸಣ್ಣ ಅಲೆ ಮಾತ್ರ. ನಿಮ್ಮಲ್ಲಿ ಅಂತರ 16 ಇಂಚಿನ ಒಳಗಿದ್ದು ಜಂತೆ ದಪ್ಪ ಇದ್ದರೆ ಇಷ್ಟೆಲ್ಲ ಬೇಕಾಗದು.

ಇದೇ ಹೊತ್ತಿಗೆ ಪ್ಲಂಬರ್‌ನನ್ನೂ ಕರೆಸಿ. ಪೈಪ್ ಎಲ್ಲಿ ಹೋಗುತ್ತದೆ ಅಂತ ಮೊದಲೇ ನಿಶ್ಚಯ ಮಾಡದಿದ್ದರೆ ಆಮೇಲೆ ಬಂದು ಗರಗಸದಲ್ಲಿ ಜಂತೆಯನ್ನೇ ಕೊಯ್ಯುತ್ತಾರೆ. ಪೈಪನ್ನು ಎರಡು ಜಂತೆಗಳ ನಡುವೆಯೇ ಇಳಿಸಿ. ಜಂತೆಗೆ ತೂತು ಹೊಡೆಯಲೇಬೇಕಾದರೆ ಅದರ ಎತ್ತರದ ಮೂರರಲ್ಲಿ ಒಂದು ಪಾಲಿಗಿಂತ ದೊಡ್ಡದು ಬೇಡ, ಮೇಲಿನ ಮತ್ತು ಕೆಳಗಿನ ಅಂಚಿನಿಂದ ಎರಡು ಇಂಚು ದೂರ ಇರಲಿ.

ಗಾರೆಯ ತೂಕದ ವಿಷಯ ಹೇಳಲೇಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದದ ಬಚ್ಚಲಿಗೆ ಎರಡು ಇಂಚು ಗಾರೆ ಅಂದರೆ ಮೂರು ಕ್ವಿಂಟಲ್‌ಗೂ ಜಾಸ್ತಿ. ಐದು ಮೂಟೆ ಅಡಿಕೆ ಸದಾ ಅಲ್ಲೇ ಪೇರಿಸಿಟ್ಟ ಹಾಗೆ. ಹಾಗಾಗಿ ಇಳಿಜಾರನ್ನು ಗಾರೆಯಲ್ಲಿ ಮಾಡಬೇಡಿ, ಮರದಲ್ಲೇ ಮಾಡಿ. ಅಡಿಗೆ ಕಾಲು ಇಂಚು ಇಳಿಜಾರು ಸಾಕು. ಬಾಗಿಲ ಕಡೆ ಎರಡು ಇಂಚು, ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಬಾಯಿ) ಕಡೆ ಅರ್ಧ ಇಂಚು ಬರುವ ಹಾಗೆ ಓರೆಯಾಗಿ ಸೀಳಿದ ಪಟ್ಟಿಗಳನ್ನು ಪ್ರತಿ ಜಂತೆಯ ನೇರಕ್ಕೆ ಹಲಗೆ ಮೇಲಿಟ್ಟು, ಹಲಗೆ ದಾಟಿ ಜಂತೆಗೆ ಹಿಡಿಯುವಷ್ಟು ಉದ್ದದ ಸ್ಕ್ರೂ ಹಾಕಿ. ಅದಕ್ಕೂ ಮೊದಲು ಅಲುಗಾಡುವ ಹಲಗೆಗಳಿಗೆಲ್ಲ ಸ್ಕ್ರೂ ಬಿಗಿದಿರಬೇಕು. ಹಳೇ ಮೊಳೆಯ ಮೇಲೆ ನಂಬಿಕೆ ಬೇಡ. ಕಾರವಾರ, ಅಂಕೋಲಾ, ಕುಮಟಾದ ಉಪ್ಪು ಗಾಳಿಗೆ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ತನ್ನಿ.

ಪಟ್ಟಿಗಳ ಮೇಲೆ 18 ಮಿ.ಮೀ. ಪ್ಲೈವುಡ್. ಹಾಳೆಯ ಮೇಲೆ ಐಎಸ್ 710 ಗುರುತು ಇರಬೇಕು, ಅದು ಮರೀನ್ ಪ್ಲೈ. ಕಪಾಟಿಗೆ ಬಳಸುವ ಸಾದಾ ಪ್ಲೈ ಇಲ್ಲಿ ನಡೆಯುವುದಿಲ್ಲ. ಉದ್ದ ಎಳೆ ಜಂತೆಗೆ ಅಡ್ಡವಾಗಿ ಬರಲಿ. ಹಾಳೆ-ಹಾಳೆ ನಡುವೆ 3 ಮಿ.ಮೀ., ಗೋಡೆಯ ಹತ್ತಿರ 6 ಮಿ.ಮೀ. ಸಂದು ಬಿಡಿ. ಆಚಾರಿಗಳಿಗೆ ಸಂದು ಬಿಡುವುದು ಅಂದರೆ ಕೆಲಸ ಕೆಟ್ಟ ಹಾಗೆ, ಒತ್ತಿ ಕೂರಿಸಲು ನೋಡುತ್ತಾರೆ. ಮಳೆಗಾಲದಲ್ಲಿ ಹಿಗ್ಗಲು ಜಾಗ ಬೇಕು ಅಂತ ಹೇಳಿದರೆ ಅವರಿಗೇ ಗೊತ್ತಾಗುತ್ತದೆ, ಬಾಗಿಲು ಮಳೆಗಾಲದಲ್ಲಿ ಹಿಡಿಯುವುದನ್ನು ನೋಡಿದವರೇ ಅವರು. ಅಂಚಿನಲ್ಲಿ ಆರು ಇಂಚಿಗೊಂದು, ಮಧ್ಯೆ ಎಂಟು ಇಂಚಿಗೊಂದು ಸ್ಕ್ರೂ. ಹಾಳೆಯ ಅಂಚು ಎಲ್ಲೂ ಗಾಳಿಯಲ್ಲಿ ನಿಲ್ಲಬಾರದು, ಕೆಳಗೆ ಪಟ್ಟಿ ಇರಲೇಬೇಕು.

ಪ್ಲೈ ಮೇಲೆ ನೇರವಾಗಿ ಟೈಲ್ಸ್ ಅಂಟಿಸಬೇಡಿ. ಅದೂ ಮರವೇ. ಮೇಲೆ 8 ಮಿ.ಮೀ. ಸಿಮೆಂಟ್ ಬೋರ್ಡ್ ಬೇಕು. ಇಲ್ಲಿ ಗೌಂಡಿಗಳು ಬೋರ್ಡನ್ನು ಒಣಗಿದ್ದಂತೆಯೇ ಇಟ್ಟು ಸ್ಕ್ರೂ ಬಿಗಿದು ಬಿಡುತ್ತಾರೆ. ಹಾಗಲ್ಲ. ಮೊದಲು ಹಲ್ಲಿನ ಕರಣೆಯಲ್ಲಿ ಟೈಲ್ ಗಮ್ ಹರಡಿ, ಅದು ಹಸಿ ಇರುವಾಗಲೇ ಬೋರ್ಡ್ ಒತ್ತಿ ಕೂರಿಸಿ, ಆಮೇಲೆ ಎಂಟು ಇಂಚಿಗೊಂದು ಸ್ಕ್ರೂ. ಗಮ್ ಹಾಕುವುದು ಅಂಟಿಸಲು ಅಂತಲ್ಲ, ಅಡಿಯಲ್ಲಿ ಟೊಳ್ಳು ಉಳಿಯದಿರಲಿ ಅಂತ. ಈ ಸ್ಕ್ರೂ ಪ್ಲೈವರೆಗೆ ಮಾತ್ರ ಹೋಗಲಿ, ಜಂತೆಗೆ ತಾಗುವುದು ಬೇಡ. ಬೋರ್ಡಿನ ಸಂದೂ ಪ್ಲೈಯ ಸಂದೂ ಒಂದೇ ಗೆರೆಯಲ್ಲಿ ಬರದ ಹಾಗೆ ನೋಡಿ. ಸಂದುಗಳಿಗೆ ಗಮ್ ತುಂಬಿ ಸಿಮೆಂಟಿಗೆ ಕರಗದ ಫೈಬರ್ ಜಾಲರಿ ಪಟ್ಟಿ ಹಾಕಿ. ಗಮ್ ಚೀಲ ಕೊಳ್ಳುವಾಗ ಎಸ್1 ಅಂತ ಬರೆದದ್ದನ್ನು ಕೇಳಿ, ಅದು ಸ್ವಲ್ಪ ಬಾಗುವ ಜಾತಿ. ಟೈಲ್ಸಿಗೂ ಅದೇ ಬೇಕು.

ಇಷ್ಟಾದರೆ ನೆಲ ಬಾಗಿಲ ಹತ್ತಿರ ಹಲಗೆಗಿಂತ ಮೂರೂವರೆ-ನಾಲ್ಕು ಇಂಚು ಮೇಲೆ ಬರುತ್ತದೆ. ಬಚ್ಚಲು ಕೋಣೆಗಿಂತ ತಗ್ಗಿರಬೇಕು ಎನ್ನುವ ನಮ್ಮ ರೂಢಿ ಇಲ್ಲಿ ನಡೆಯುವುದಿಲ್ಲ. ಬಾಗಿಲಿಗೆ ಗ್ರಾನೈಟ್ ಪಟ್ಟಿಯ ಹೊಸ್ತಿಲು ಕೊಟ್ಟು ಟೈಲ್ಸಿಗಿಂತ ಒಂದು ಇಂಚು ಎತ್ತರಿಸಿ.

ಸಿಮೆಂಟ್ ಬೋರ್ಡ್ ನೀರಿಗೆ ಕೆಡುವುದಿಲ್ಲ, ಆದರೆ ನೀರನ್ನು ತಡೆಯುವುದೂ ಇಲ್ಲ. ಇದು ಬಹಳ ಜನರಿಗೆ ಗೊತ್ತಿಲ್ಲ. ಅದರ ಮೇಲೆ ಪುಡಿ ಮತ್ತು ದ್ರವ ಎರಡೂ ಕಲಸುವ ಪಾಲಿಮರ್ ವಾಟರ್‌ಪ್ರೂಫ್ ಕೋಟಿಂಗ್ ಎರಡು ಕೈ ಹೊಡೆಯಿರಿ. ಮೊದಲನೆಯದು ಉದ್ದಕ್ಕೆ, ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಗೋಡೆಗೆ ಒಂದು ಅಡಿ ಏರಿಸಿ, ಶವರ್ ಇರುವ ಗೋಡೆಗೆ ಆರು ಅಡಿ. ನೆಲ-ಗೋಡೆ ಸೇರುವ ಮೂಲೆಗೆ ಮೊದಲ ಕೈ ಹಸಿ ಇರುವಾಗಲೇ ಫೈಬರ್ ಬಟ್ಟೆ ಪಟ್ಟಿ ಒತ್ತಿ. ಹೊಸ್ತಿಲಿನ ಅಡಿಗೂ ಕೋಟಿಂಗ್ ಹೋಗಲಿ. ನಹಾನಿ ಟ್ರ್ಯಾಪ್ ಸುತ್ತ ಮಾತ್ರ ಅರ್ಧ ದಿನ ಹೋದರೂ ಪರವಾಗಿಲ್ಲ. ಅಗಲ ಅಂಚು ಇರುವ ಟ್ರ್ಯಾಪ್ ತಂದು, ಅಂಚಿನ ಅಡಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಚ್ಚಿ ಬೋರ್ಡಿಗೆ ಬಿಗಿದು, ಕೋಟಿಂಗ್ ಅದರ ಅಂಚಿನ ಮೇಲೂ ಹತ್ತುವ ಹಾಗೆ ಬಳಿಯಿರಿ. ನಮ್ಮ ಹಳೇ ಬಚ್ಚಲು ಸೋರಿದ್ದು ಈ ಜಾಗದಲ್ಲೇ.

ಕೋಟಿಂಗ್ ಪೂರ್ತಿ ಒಣಗಿದ ಮೇಲೆ ಟ್ರ್ಯಾಪ್ ಬಾಯಿ ಬಿಗಿಯಾಗಿ ಮುಚ್ಚಿ ನೀರು ಕಟ್ಟಿ. ಸರಾಸರಿ ಒಂದು ಇಂಚು ನಿಂತರೆ ಸಾಕು, ಐದು-ಏಳರ ಬಚ್ಚಲಿಗೆ ಸುಮಾರು 80 ಲೀಟರ್. ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಪೆನ್ಸಿಲ್ ಗೆರೆ ಹಾಕಿ. ಕೆಳಗೆ ಹೋಗಿ ಪೈಪಿನ ಸುತ್ತ, ಜಂತೆಗಳ ಅಡಿಗೆ ಸೀಮೆಸುಣ್ಣ ಉಜ್ಜಿ. ಒಂದು ಹನಿ ತಾಗಿದರೂ ಬಿಳಿ ಗೆರೆ ಅಲ್ಲಿ ಕಪ್ಪಾಗುತ್ತದೆ, ಟಾರ್ಚ್ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. 24 ಗಂಟೆ ಬಿಡಿ. ಕಪ್ಪಾದರೆ ನೀರು ತೆಗೆದು, ಒಣಗಿಸಿ, ಆ ಜಾಗ ಮತ್ತೆ ಬಳಿದು, ಪುನಃ 24 ಗಂಟೆ. ನಮಗೆ ಎರಡು ಸಲ ಬೇಕಾಯಿತು. ಕೆಳಗಿನ ಮುಚ್ಚಿಗೆಗೆ ಪಿಒಪಿ ಹೊಡೆದು ಮುಚ್ಚಬೇಡಿ, ಹಲಗೆ ಕಾಣುತ್ತಿರಲಿ, ಗಾಳಿಯೂ ಆಡುತ್ತದೆ, ಮುಂದೆ ಸೋರಿದರೆ ಕೂಡಲೇ ಗೊತ್ತಾಗುತ್ತದೆ.

ಸೀಮೆಸುಣ್ಣ ಬಿಳಿಯಾಗಿಯೇ ಉಳಿದರೆ ನೀರು ಬಿಡಿ, ಒಂದು ದಿನ ಒಣಗಲಿ, ಒಳಗೆ ಚಪ್ಪಲಿ ಹಾಕಿಕೊಂಡು ಯಾರನ್ನೂ ಬಿಡಬೇಡಿ. ಒಂದಡಿ ಚದರದ, ಜಾರದ ಟೈಲ್ಸ್ ತಂದಿಡಿ, ದೊಡ್ಡವು ಇಳಿಜಾರಿಗೆ ಸರಿಯಾಗಿ ಕೂರುವುದಿಲ್ಲ. ಗೋಡೆ-ನೆಲದ ಮೂಲೆಗೆ ಗ್ರೌಟ್ ಬದಲು ಸಿಲಿಕೋನ್ ತುಂಬಬೇಕು ಅಂತ ಟೈಲ್ಸಿನವರಿಗೆ ಫೋನಿನಲ್ಲೇ ಹೇಳಿ, ಬರುವಾಗ ಅವರೇ ತರುತ್ತಾರೆ.