ಮಗುವಿನ ಕಡತದಿಂದ ಎಷ್ಟು ಹೊರಗೆ ಕೊಡಬೇಕು?

ಅಮೆರಿಕದ ಒಂದು ಸಾರ್ವಜನಿಕ ಹೈಸ್ಕೂಲಿನಲ್ಲಿ ನಾನು ವಿಶೇಷ ಶಿಕ್ಷಣದ ಕೇಸ್ ಮ್ಯಾನೇಜರ್. ಪಾಠದ ಜೊತೆಗೆ ನನ್ನ ಪಾಲಿನ ಮಕ್ಕಳ ಕಡತಗಳ ಹೊಣೆಯೂ ನನ್ನದೇ. ಅವುಗಳಲ್ಲಿ ಅಂಕ, ಹಾಜರಿ ಮಾತ್ರ ಇರುವುದಿಲ್ಲ. ಮನಶ್ಶಾಸ್ತ್ರಜ್ಞರ ವರದಿ, ಔಷಧಿಗಳ ಹೆಸರು, ಮನೆಯ ಕಷ್ಟಸುಖ ಎಲ್ಲವೂ ಇರುತ್ತವೆ. ಕಾಯಲು ಎರಡು ಕಾಯ್ದೆಗಳಿವೆ: ಎಲ್ಲ ವಿದ್ಯಾರ್ಥಿಗಳಿಗೂ ಅನ್ವಯಿಸುವ 1974ರ ಫೆರ್ಪಾ, ಅಂಗವಿಕಲ ಮಕ್ಕಳಿಗಾಗಿ ಅದರ ಮೇಲೆ ಇನ್ನಷ್ಟು ನಿಯಮ ಸೇರಿಸುವ ಐಡಿಇಎ.

ಹೊರಗಿನವರಿಗೆ ದಾಖಲೆ ಕೊಡಲು ಪೋಷಕರ ಲಿಖಿತ ಒಪ್ಪಿಗೆ ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಸಹಿ ಒಂದಿದ್ದರೆ ಆಯಿತು ಅಂದುಕೊಳ್ಳುವವರೇ ಹೆಚ್ಚು. ಯಾವ ದಾಖಲೆ, ಯಾತಕ್ಕೆ, ಯಾರಿಗೆ, ಈ ಮೂರೂ ಸ್ಪಷ್ಟವಾಗಿ ಬರೆದಿರಬೇಕು, ಸಹಿಯ ಜೊತೆ ತಾರೀಕೂ ಬೇಕು. ನಮ್ಮ ಕಡೆಯ ಅಪ್ಪ ಒಬ್ಬರು ಖಾಲಿ ಫಾರ್ಮನ್ನೇ ಮುಂದಿಟ್ಟರು. "ನೀವೇ ತುಂಬ್ಕೊಳ್ಳಿ ಮೇಡಂ, ನಾನು ಸೈನ್ ಹಾಕಿದೀನಿ. ನಿಮ್ಮ ಮೇಲೆ ನಂಬಿಕೆ ಇದೆ."

"ನಂಬಿಕೆ ಇರ್ಲಿ ಸರ್, ಇದನ್ನ ಹರಿದುಹಾಕಿ ಹೊಸದು ತುಂಬೋಣ, ಕೂತ್ಕೊಳ್ಳಿ" ಅಂದೆ.

ಸ್ಪೀಚ್ ಥೆರಪಿ ಕ್ಲಿನಿಕ್ಕಿನವರು 'ಪೂರ್ತಿ ಕಡತ' ಕೇಳಿದ್ದರು. ಕೇಳುವವರೆಲ್ಲ ಪೂರ್ತಿಯನ್ನೇ ಕೇಳುತ್ತಾರೆ, ಅದು ಅಭ್ಯಾಸ. ಕ್ಲಿನಿಕ್ಕಿಗೆ ಫೋನ್ ಮಾಡಿ ಕೇಳಿದರೆ ನಿಜವಾಗಿ ಬೇಕಾಗಿದ್ದು ಎರಡೇ. ಅದನ್ನೇ ಬರೆದೆವು: 'ಇತ್ತೀಚಿನ ಮಾತು ಮತ್ತು ಭಾಷೆಯ ಮೌಲ್ಯಮಾಪನ ವರದಿ, ಸದ್ಯದ ಐಇಪಿಯಲ್ಲಿ ಮಾತಿನ ಗುರಿಗಳಿರುವ ಪುಟ.' ಐಇಪಿ ಅಂದರೆ ಶಾಲೆ, ಪೋಷಕರು ಸೇರಿ ಆ ಒಂದು ಮಗುವಿಗೆಂದೇ ಬರೆಯುವ ಶಿಕ್ಷಣ ಯೋಜನೆ. ಮನಶ್ಶಾಸ್ತ್ರಜ್ಞರ ವರದಿ ಕಡತದಲ್ಲೇ ಉಳಿಯಿತು. ಒಪ್ಪಿಗೆ ಯಾವ ದಿನದವರೆಗೆ ಅಂತಲೂ ನಮೂದಿಸಿದೆ. ನಡುವೆ ಯಾವಾಗ ಬೇಕಾದರೂ ಅದನ್ನು ವಾಪಸ್ ಪಡೆಯಬಹುದು, ಆದರೆ ಅಷ್ಟರಲ್ಲಿ ಹೋದದ್ದು ಹೋದಂತೆಯೇ ಅಂತ ಅವರಿಗೆ ಬಿಡಿಸಿ ಹೇಳಿದೆ. ಕಳಿಸಿದ ಪ್ರತಿಗಳ ಮೇಲೆ, ಪೋಷಕರ ಒಪ್ಪಿಗೆಯಿಲ್ಲದೆ ಇದನ್ನು ಇನ್ನೊಬ್ಬರಿಗೆ ದಾಟಿಸಬಾರದು ಅನ್ನುವ ಚೀಟಿ ಲಗತ್ತಿಸಿದೆ. ಕಡತದ ಮೊದಲ ಪುಟದಲ್ಲಿರುವ ಹಾಳೆಯಲ್ಲಿ ಯಾರಿಗೆ, ಯಾವತ್ತು, ಯಾತಕ್ಕೆ ಅಂತ ಒಂದು ಸಾಲು ಬರೆದೆ. ಆ ಹಾಳೆ ನೋಡಲು ಪೋಷಕರಿಗೆ ಹಕ್ಕಿದೆ, ಬಹಳ ಜನ ಕೇಳುವುದೇ ಇಲ್ಲ.

ಸಹೋದ್ಯೋಗಿಗಳ ವಿಷಯ ಬೇರೆ. ಪಾಠ ಮಾಡುವ ಪ್ರತಿ ಶಿಕ್ಷಕರಿಗೂ ಆ ಮಗುವಿಗೆ ಕೊಡಬೇಕಾದ ಅನುಕೂಲಗಳನ್ನು ತಿಳಿಸಲೇಬೇಕು. ಗೌಪ್ಯತೆಯ ಹೆಸರಲ್ಲಿ ಅದನ್ನು ಮುಚ್ಚಿಟ್ಟರೆ ಕಷ್ಟಪಡುವುದು ಮಗು. ಹಾಗಾಗಿ ವರ್ಷದ ಶುರುವಿನಲ್ಲೇ ಒಂದು ಪುಟದ ಸಾರಾಂಶ ಕೊಡುತ್ತೇನೆ: ಪರೀಕ್ಷೆಗೆ ಹೆಚ್ಚು ಸಮಯ, ಮುಂದಿನ ಬೆಂಚು, ಸೂಚನೆ ಲಿಖಿತವಾಗಿ. ವ್ಯಾಯಾಮದ ಮೇಷ್ಟ್ರಿಗೆ ಬುದ್ಧಿಮತ್ತೆಯ ಅಂಕಿ ಬೇಕಿಲ್ಲ. ಸ್ಟಾಫ್ ರೂಮಿನಲ್ಲಿ "ಆ ಹುಡುಗನಿಗೆ ಏನಂತೆ?" ಅಂತ ಅವನಿಗೆ ಪಾಠವೇ ಮಾಡದವರು ಕೇಳಿದರೆ, "ಅವನ ಕ್ಲಾಸು ನಿಮಗಿಲ್ಲವಲ್ಲ" ಅಂದು ಕಾಫಿ ಬಗ್ಗಿಸಿಕೊಳ್ಳುತ್ತೇನೆ. ಇಮೇಲಿನ ವಿಷಯದ ಸಾಲಿನಲ್ಲಿ ಮಗುವಿನ ಹೆಸರು ಹಾಕುವುದಿಲ್ಲ.

ಪೋಷಕರೇ ಕಡತ ನೋಡಬೇಕೆಂದರೆ ಕಾನೂನಿನ ಗಡುವು 45 ದಿನ, ಐಇಪಿ ಸಭೆ ಇದ್ದರೆ ಅದಕ್ಕೂ ಮೊದಲೇ. ಗಡುವಿನ ತನಕ ಕಾಯಿಸುವುದು ನನಗೆ ಸರಿ ಕಾಣುವುದಿಲ್ಲ. ಕಾಗದದಲ್ಲಿ ಬೇರೆ ಮಕ್ಕಳ ಹೆಸರಿದ್ದರೆ ಅವನ್ನಷ್ಟೇ ಮರೆಮಾಡಿ ತೋರಿಸುತ್ತೇನೆ.

ನಮ್ಮ ತಾಯಂದಿರಿಗೆ ಕಷ್ಟವಾಗುವುದು ಮಗುವಿಗೆ 18 ತುಂಬಿದಾಗ. ಫೆರ್ಪಾದ ಹಕ್ಕು ಆಗ ವಿದ್ಯಾರ್ಥಿಗೆ ಹೋಗುತ್ತದೆ. ತೆರಿಗೆ ಲೆಕ್ಕದಲ್ಲಿ ಮಗು ಅವಲಂಬಿತನಾಗಿದ್ದರೆ ಶಾಲೆ ಪೋಷಕರಿಗೆ ತೋರಿಸಬಹುದು, ಆದರೆ ಒಪ್ಪಿಗೆ ಕೊಡುವ ಅಧಿಕಾರ ಅವನದೇ. "ಹೆತ್ತೋಳು ನಾನು, ಅವನ ಪರ್ಮಿಷನ್ ಯಾಕೆ?" ಅನ್ನುತ್ತಾರೆ. ಐಡಿಇಎ ಹಕ್ಕುಗಳೂ ವರ್ಗವಾಗುವ ರಾಜ್ಯಗಳಲ್ಲಿ ಒಂದು ವರ್ಷ ಮೊದಲೇ ವಿದ್ಯಾರ್ಥಿಗೆ ತಿಳಿಸಿ ಐಇಪಿಯಲ್ಲಿ ಬರೆಯಬೇಕು. ಆ ವರ್ಷದಿಂದಲೇ ನಾನು ಫಾರ್ಮನ್ನು ಮಕ್ಕಳ ಕೈಗೇ ಕೊಟ್ಟು ಅಭ್ಯಾಸ ಮಾಡಿಸುತ್ತೇನೆ. ಒಬ್ಬ ಹುಡುಗ 18 ತುಂಬಿದ ಮೇಲೆ ಕಾಲೇಜಿಗೆ ಏನೇನು ಕಳಿಸಬಹುದು ಅಂತ ತಾನೇ ಪಟ್ಟಿ ಮಾಡಿ, ಔಷಧಿಯ ವಿವರವನ್ನು ಹೊಡೆದುಹಾಕಿದ. ಅವನ ಅಮ್ಮನಿಗೆ ಅದು ಹಿಡಿಸಲಿಲ್ಲ. ಅವನು ಬರೆದಷ್ಟನ್ನೇ ಕಳಿಸಿದೆ.