ಮನೆಯೊಳಗೆ ಬಾವಲಿ ಬಂತಾ? ಪೊರಕೆ ಕೆಳಗಿಡಿ

ಕೊಡಗಿನ ಹೆಂಚಿನ ಮನೆಗಳಿಗೆ ಇದು ಹೊಸದಲ್ಲ. ಸಂಜೆ ಲೈಟ್ ಹಾಕಿ ಕಿಟಕಿ ತೆರೆದಿಟ್ಟರೆ ಹುಳ ಬರುತ್ತದೆ, ಹುಳದ ಹಿಂದೆ ಬಾವಲಿ.

ಮೊದಲು ಫ್ಯಾನ್ ಆರಿಸಿ. ನಮ್ಮ ಮನೆಯಲ್ಲಿ ಒಮ್ಮೆ ಇದನ್ನೇ ಮರೆತು ಪೊರಕೆ ಹಿಡಿದು ಕುಣಿದಿದ್ದೆವು. ಪಾಪ, ಬಾವಲಿ ಫ್ಯಾನ್ ರೆಕ್ಕೆಗೆ ಬಡಿದು ಸೋಫಾ ಹಿಂದೆ ಬಿತ್ತು.

ಆಮೇಲೆ ಒಳಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆರೆದು, ದೀಪ ಆರಿಸಿ ಕೂತುಬಿಡಿ. ಕತ್ತಲಾದರೆ ಅದಕ್ಕೇನೂ ತೊಂದರೆ ಇಲ್ಲ. ಹುಳ ತಿನ್ನುವ ಈ ಚಿಕ್ಕ ಬಾವಲಿ ಕೂಗುತ್ತಲೇ ಹಾರುತ್ತದೆ. ಕೂಗು ಗೋಡೆಗೋ ಸೊಳ್ಳೆಗೋ ತಾಗಿ ಮರಳಿದಾಗ ಯಾವುದು ಎಲ್ಲಿದೆ ಅಂತ ಗೊತ್ತಾಗುತ್ತದೆ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಮಾತ್ರ ಕೇಳಿಸುವುದು. ಅದರ ಕೂಗು ಹೆಚ್ಚಾಗಿ ಅದಕ್ಕೂ ಮೇಲೆ. ನಮಗೆ ರೂಮು ಸದ್ದಿಲ್ಲದೆ ಇದ್ದರೂ ಅಲ್ಲಿ ದೊಡ್ಡ ಗಲಾಟೆಯೇ ನಡೆದಿರುತ್ತದೆ! ಕೂದಲಿಗೆ ಸಿಕ್ಕಿಕೊಳ್ಳುತ್ತದೆ ಅನ್ನೋದು ಸುಮ್ನೆ ಮಾತು.

ನೆಲಕ್ಕೆ ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಗ್ಲೌಸ್ ಹಾಕಿ ಡಬ್ಬ ಕವುಚಿ, ಅಡಿಗೆ ರಟ್ಟು ತೂರಿಸಿ, ಹೊರಗೆ ಮರದ ಕಾಂಡಕ್ಕೆ ಎತ್ತರದಲ್ಲಿ ಹತ್ತಿಸಿ. ನೆಲದಿಂದ ಮೇಲೇಳಲು ಅದು ಒದ್ದಾಡುತ್ತದೆ. ಕಚ್ಚಿದರೆ, ಪರಚಿದರೆ, 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ. ಹಲ್ಲು ಸೂಜಿಮೊನೆಯಷ್ಟು, ಗಾಯ ಕಾಣದೇ ಇರಬಹುದು. ರೇಬೀಸ್ ವಿಷಯದಲ್ಲಿ ನಾಳೆ ನೋಡೋಣ ಅನ್ನಬಾರದು.

ಸೂರಿನ ಸಂದು ಮುಚ್ಚುವ ಮುನ್ನ ಒಳಗೆ ಹಾರಲಾಗದ ಮರಿ ಇಲ್ಲ ಅಂತ ನೋಡಿಕೊಳ್ಳಿ. ಕತ್ತಲಾಗಿ ಎಲ್ಲ ಹೊರಗೆ ಹೋದ ಮೇಲೆ ಜಾಲರಿ ಹೊಡೆಯಿರಿ.

ತೋಟದ ದೊಡ್ಡ ಬಾವಲಿ ಬೇರೆ ಜಾತಿ. ಹಣ್ಣು ಹುಡುಕಲು ಅದಕ್ಕೆ ಕಣ್ಣು, ಮೂಗೇ ಸಾಕು. ಮರದಡಿ ಬಾವಲಿ ಚೀಪಿ ಉಗುಳಿದ ಕಾಫಿ ಬೀಜ ಗುಡ್ಡೆಯಾಗಿ ಸಿಗುತ್ತದಲ್ವಾ, ಅದೂ ಹಣ್ಣು ತಿನ್ನುವ ಬಾವಲಿಗಳದೇ ಕೆಲಸ. ನಿಫಾ ವೈರಸ್ ಇರುವುದು ಈ ದೊಡ್ಡ ಬಾವಲಿಗಳಲ್ಲಿ. ಜೊಲ್ಲು, ಮೂತ್ರದಲ್ಲಿ ಹೊರಬರುತ್ತದೆ. 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡಿನಲ್ಲಿ ಕಾಣಿಸಿಕೊಂಡಿತ್ತು. ಹಾಗಂತ ಮರ ಕಡಿದು ಓಡಿಸಿದರೆ ಇನ್ನೊಬ್ಬರ ತೋಟಕ್ಕೆ ಹೋಗುತ್ತವೆ, ಅಷ್ಟೇ. ಕಚ್ಚಿದ ಸೀಬೆಹಣ್ಣನ್ನು ಆ ಭಾಗ ಕೊಯ್ದು ತಿನ್ನಬೇಡಿ, ಪೂರ್ತಿ ಎಸೆಯಿರಿ. ಉಳಿದ ಹಣ್ಣು ತೊಳೆದು ಸಿಪ್ಪೆ ತೆಗೆಯಿರಿ.

ಬೈನೆ ಕಳ್ಳು ಇಳಿಸುವವರು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ಬಾಂಗ್ಲಾದೇಶದಲ್ಲಿ ಈಚಲು ಮರದ ಹಸಿ ರಸ ಕುಡಿದವರಿಗೆ ನಿಫಾ ತಗುಲಿದೆ. ಬಾವಲಿ ರಾತ್ರಿ ಬಂದು ಕೊಯ್ದ ಜಾಗವನ್ನೇ ನೆಕ್ಕುತ್ತದೆ. ಮಡಕೆ ಬಾಯಿಗಷ್ಟೇ ಬಟ್ಟೆ ಕಟ್ಟಿದರೆ ಸಾಲದು, ಕೊಯ್ದ ಗೊನೆಯನ್ನೂ ಸೇರಿಸಿ ಬಿದಿರ ತಟ್ಟಿ ಸುತ್ತಿ ಬಿಗಿಯಾಗಿ ಕಟ್ಟಿ.