ಹೊಡೆಯುವವನು ಅವನು, ಹೊಡೆಸುವವನು ನಾನು

ನಮ್ಮ ಬ್ಯಾಡ್ಮಿಂಟನ್ ಡಬಲ್ಸ್ ಪಂದ್ಯಗಳ ವಿಡಿಯೊ ತುಣುಕುಗಳಲ್ಲಿ ನಾನು ಹೆಚ್ಚಾಗಿ ನೆಟ್ ಬಳಿ ಮೊಣಕಾಲು ಬಗ್ಗಿಸಿ ಕುಗ್ಗಿ ನಿಂತಿರುತ್ತೇನೆ. ಹಿಂದಿನಿಂದ ಜೊತೆಗಾರ ನೆಗೆದು ಸ್ಮ್ಯಾಶ್ ಹೊಡೆಯುತ್ತಾನೆ, ಜನ ಕೂಗುತ್ತಾರೆ, ತುಣುಕು ಮುಗಿಯುತ್ತದೆ. ಆ ಶಟಲ್ ಅಷ್ಟು ಎತ್ತರಕ್ಕೆ ಅವನ ತಲೆಯ ಮೇಲೆ ಹೇಗೆ ಬಂತು ಅಂತ ಯಾರೂ ಕೇಳುವುದಿಲ್ಲ. ಎದುರಾಳಿಗೆ ಎತ್ತದೆ ಬೇರೆ ದಾರಿಯೇ ಇಲ್ಲದಂತೆ ಮಾಡುವುದು ನನ್ನ ಕೆಲಸ. ಇಷ್ಟು ವರ್ಷ ಹೊಟ್ಟೆ ಹೊರೆದದ್ದು ಅದರಿಂದಲೇ.

ಸಿಂಗಲ್ಸ್‌ನಲ್ಲಿ ಸಾಗದವರು ಡಬಲ್ಸ್‌ಗೆ ಬರುತ್ತಾರೆ ಎಂಬ ಮಾತಿದೆ. ನನ್ನ ಮಟ್ಟಿಗೆ ಅದು ಅರ್ಧ ನಿಜ. ಜೂನಿಯರ್ ದಿನಗಳಲ್ಲಿ ಉದ್ದದ ರ‍್ಯಾಲಿ ಶುರುವಾದರೆ ನನಗೆ ತಾಳ್ಮೆ ಕೆಡುತ್ತಿತ್ತು. ಆದರೆ ಇಬ್ಬರು ಎದುರುಬದುರು ನಿಂತು ಶಟಲ್ಲನ್ನು ನೆಟ್‌ಗೆ ಸಮನಾಗಿ ಚಕಚಕ ಹೊಡೆಯುವ ಡ್ರೈವ್ ಅಭ್ಯಾಸದಲ್ಲಿ ನನಗಿಂತ ಹಿರಿಯರೂ ತಡವರಿಸುತ್ತಿದ್ದರು. ಕೋಚ್ ಅದನ್ನು ಗಮನಿಸಿ, 'ನಿನ್ನ ಕಾಲಿಗಿಂತ ಕೈ ಮುಂದಿದೆ ಕಣಯ್ಯ, ಡಬಲ್ಸ್ ಆಡು' ಅಂದರು. ಅಲ್ಲಿಂದ ಅಭ್ಯಾಸದ ದಾರಿಯೇ ಬೇರೆಯಾಯಿತು. ಕೋರ್ಟಿನ ನಾಲ್ಕೂ ಮೂಲೆಗೆ ಓಡುವುದು ಕಡಿಮೆಯಾಗಿ, ನೆಟ್‌ನಿಂದ ಎರಡು ಮೂರು ಹೆಜ್ಜೆ ಹಿಂದೆ ನಿಂತು ನೋಡುವುದು, ಕಾಯುವುದು, ಕೈ ಚಾಚುವುದು ಹೆಚ್ಚಾಯಿತು.

ಮೊದಲು ಸರ್ವ್ ವಿಷಯ ಹೇಳಬೇಕು, ಯಾಕೆಂದರೆ ನನ್ನ ಅಭ್ಯಾಸದ ಸಮಯವನ್ನು ಅತಿ ಹೆಚ್ಚು ನುಂಗಿದ್ದು ಅದೇ. ಟೆನಿಸ್ ನೋಡಿ ಬೆಳೆದವರಿಗೆ ಸರ್ವ್ ಅಂದರೆ ಆಯುಧ. ಬ್ಯಾಡ್ಮಿಂಟನ್‌ನಲ್ಲಿ ತಿರುಗುಮುರುಗು. 2018ರಲ್ಲಿ ಬಂದ ನಿಯಮದ ಪ್ರಕಾರ ರ‍್ಯಾಕೆಟ್ ತಗಲುವ ಹೊತ್ತಿಗೆ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ನೆಟ್‌ನ ಎತ್ತರ ನಡುಭಾಗದಲ್ಲಿ 1.524 ಮೀಟರ್. ಅಂದರೆ ಶಟಲ್ ಮೇಲಕ್ಕೇರಲೇಬೇಕು; ಮೇಲಕ್ಕೆದ್ದದ್ದನ್ನು ಬಡಿಯಲು ಎದುರಿಗೊಬ್ಬ ರ‍್ಯಾಕೆಟ್ ಎತ್ತಿಕೊಂಡು ನಿಂತಿರುತ್ತಾನೆ. ಅವನ ತಲೆ ದಾಟಿಸಿ ಹಿಂದಕ್ಕೆ ಫ್ಲಿಕ್ ಮಾಡೋಣವೆಂದರೆ, ಡಬಲ್ಸ್ ಸರ್ವ್‌ನ ಹಿಂಗೆರೆ ಕೋರ್ಟಿನ ಕೊನೆಯ ಗೆರೆಗಿಂತ 76 ಸೆಂ.ಮೀ. ಒಳಗಿದೆ. ಜಾಗ ಕಡಿಮೆ ಎಂಬುದು ಅವನಿಗೂ ಗೊತ್ತು. ಅದಕ್ಕೇ ನೆಟ್ ಕಡೆಯ ಮುಂಗೆರೆಗೆ ಕಾಲು ತಾಗಿತೇನೋ ಎಂಬಷ್ಟು ಹತ್ತಿರ ಬಂದು ನಿಲ್ಲುತ್ತಾನೆ.

ಹಾಗಾಗಿ ಸರ್ವ್‌ನಿಂದ ಪಾಯಿಂಟ್ ಗೆಲ್ಲುವ ಆಸೆ ನಾನು ಬೇಗ ಬಿಟ್ಟೆ. ಎದುರಾಳಿ ಕೆಳಮುಖವಾಗಿ ಹೊಡೆಯಲಾಗದಂತೆ ಸರ್ವ್ ಮಾಡಿದರೆ ಸಾಕು. ಶಟಲ್ ಅತಿ ಎತ್ತರ ಮುಟ್ಟುವುದು ನೆಟ್‌ನ ನಮ್ಮ ಕಡೆಯಲ್ಲಿರಬೇಕು; ನೆಟ್ ದಾಟುವಾಗ ಅದು ಆಗಲೇ ಇಳಿಯುತ್ತಿರಬೇಕು. ಇದಕ್ಕಾಗಿ ನೆಟ್‌ನ ಮೇಲೆ ಒಂದು ದಾರ ಕಟ್ಟಿ, ದಾರಕ್ಕೂ ನೆಟ್‌ಗೂ ನಡುವಿನ ಕಿಂಡಿಯಲ್ಲಿ ಶಟಲ್ ತೂರಿಸುತ್ತಿದ್ದೆ. ಬರೀ ಒಬ್ಬನೇ ನಿಂತು ಬುಟ್ಟಿ ಖಾಲಿ ಮಾಡಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಮೈದಣಿಯುವವರೆಗೆ ಓಡಿ, ಏದುಸಿರು ಬಿಡುತ್ತಿರುವಾಗಲೇ ಸರ್ವ್ ಮಾಡಬೇಕು, ಎದುರಿಗೆ ಮುನ್ನುಗ್ಗಿ ಬರುವ ಒಬ್ಬ ಮನುಷ್ಯ ಇರಬೇಕು. ಗೇಮ್‌ನ ಕೊನೆಗೆ, 19–19ರಲ್ಲಿ, ಕೈ ನಡುಗುವುದು ಬೇರೆ ಥರ, ಅದಕ್ಕೆ ಒಗ್ಗುವುದೇ ಅಭ್ಯಾಸ. 2006ಕ್ಕೆ ಮೊದಲು ಸರ್ವ್ ಮಾಡುವ ಕಡೆಗೆ ಮಾತ್ರ ಪಾಯಿಂಟ್ ಸಿಗುತ್ತಿತ್ತು, ಡಬಲ್ಸ್‌ನಲ್ಲಿ ಜೊತೆಗಾರನಿಗೂ ಸರ್ವ್ ಸರದಿ ಬರುತ್ತಿತ್ತು. ಈಗ 21 ಪಾಯಿಂಟ್‌ಗಳ ಲೆಕ್ಕದಲ್ಲಿ ಸರ್ವ್ ನೆಟ್‌ಗೆ ಹೋದರೆ ಪಾಯಿಂಟ್ ನೇರವಾಗಿ ಎದುರಾಳಿಯ ಖಾತೆಗೆ.

ನಡುವೆ ಒಂದು ತಮಾಷೆ. ಬೆರಳಿನಿಂದ ಶಟಲ್ಲನ್ನು ತಿರುಗಿಸಿ ಬಿಟ್ಟು ಮಾಡುವ ಸ್ಪಿನ್ ಸರ್ವ್ ಬಂದಾಗ ಎಲ್ಲ ಅಭ್ಯಾಸದ ಹಾಲ್‌ಗಳಲ್ಲೂ ಅದೇ ಗೀಳು. ನಾನೂ ಬೆರಳು ತಿರುಚಿಕೊಂಡು ಕಲಿಯಲು ಹೊರಟೆ. ಕೈಗೆ ಹತ್ತುವಷ್ಟರಲ್ಲಿ, 2023ರಲ್ಲಿ, ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ (ಬಿಡಬ್ಲ್ಯುಎಫ್) ಅದನ್ನು ನಿಷೇಧಿಸಿತು. ನಿಷೇಧ ಸರಿಯೇ ಅಂತ ನನ್ನ ಅಭಿಪ್ರಾಯ. ಸರ್ವ್‌ನಲ್ಲೇ ಆಟ ಮುಗಿದುಹೋದರೆ ನೋಡುವುದಕ್ಕೇನಿದೆ?

ಸರ್ವ್ ಆದ ಮೇಲೆ ಎದುರಾಳಿಯ ಹೊಡೆತ, ಆಮೇಲೆ ನಮ್ಮ ಮೂರನೆಯ ಹೊಡೆತ. ಪುರುಷರ ಡಬಲ್ಸ್‌ನಲ್ಲಿ ಬಹಳಷ್ಟು ಪಾಯಿಂಟ್‌ಗಳ ಹಣೆಬರಹ ಅಷ್ಟರಲ್ಲೇ ಗೊತ್ತಾಗುತ್ತದೆ. ಯಾರು ಮೊದಲು ಶಟಲ್ ಎತ್ತಿಕೊಟ್ಟರೋ ಅವರು ರಕ್ಷಣೆಗೆ ಇಳಿದಂತೆ. ನಾನು ಸರ್ವ್ ಮಾಡಿದ ಕೂಡಲೇ ರ‍್ಯಾಕೆಟ್ ಎದೆಯ ಮಟ್ಟಕ್ಕೆ ಬರುತ್ತದೆ, ಕಣ್ಣು ಎದುರಾಳಿಯ ರ‍್ಯಾಕೆಟ್ ತಲೆಯ ಮೇಲಿರುತ್ತದೆ. ಶಟಲ್ ನೋಡುತ್ತಾ ಕೂತರೆ ತಡವಾಯಿತು ಅಂತಲೇ ಲೆಕ್ಕ. ಅವನು ಬ್ಯಾಕ್‌ಹ್ಯಾಂಡ್‌ನಲ್ಲಿ ತಡವಾಗಿ ಮುಟ್ಟಿದರೆ ಶಟಲ್ ಬಹುಪಾಲು ನೇರಕ್ಕೆ ಬರುತ್ತದೆ. ಬೇಗ ಮುಟ್ಟಿದರೆ ಅಡ್ಡಕ್ಕೂ ಹೋದೀತು. ಇಂಥವನ್ನು ಒಬ್ಬೊಬ್ಬ ಎದುರಾಳಿಗೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುತ್ತಿದ್ದೆ.

ಹೊಸಬರು ನೆಟ್‌ಗೆ ತೀರಾ ಅಂಟಿಕೊಂಡು ನಿಲ್ಲುತ್ತಾರೆ. ಅಲ್ಲಿ ನಿಂತರೆ ನೆಟ್‌ಗೆ ತಾಗಿ ಉದುರುವುದೊಂದೇ ಸಿಗುತ್ತದೆ, ರಭಸದ ಡ್ರೈವ್‌ಗಳೆಲ್ಲ ಪಕ್ಕದಿಂದ ಹಾದುಹೋಗುತ್ತವೆ. ನನ್ನ ಜಾಗ ಸರ್ವ್‌ನ ಮುಂಗೆರೆಯ ಹಿಂದೆ, ಜೊತೆಗಾರ ಯಾವ ಕಡೆಗೆ ಸ್ಮ್ಯಾಶ್ ಮಾಡುತ್ತಾನೋ ಆ ಕಡೆಗೆ ಅರ್ಧ ಹೆಜ್ಜೆ ವಾಲಿ. ಇದು ಕೆಲಸ ಮಾಡಬೇಕಾದರೆ ಅವನು ಎಲ್ಲಿಗೆ ಹೊಡೆಯುತ್ತಾನೆಂದು ನನಗೆ ಮೊದಲೇ ಗೊತ್ತಿರಬೇಕು, ತಿರುಗಿ ನೋಡುವಂತಿಲ್ಲ. ಸ್ಮ್ಯಾಶ್ ನೇರಕ್ಕೆ ಅಥವಾ ಇಬ್ಬರ ನಡುವಿಗೆ, ಅಡ್ಡ ಹೊಡೆಯುವುದು ಅಪರೂಪಕ್ಕೆ ಎಂದು ಮಾತಾಗಿತ್ತು. ಅಡ್ಡ ಸ್ಮ್ಯಾಶ್ ನೋಡಲು ಚಂದ. ಅದು ಸಿಕ್ಕಿಬಿದ್ದರೆ ಅರ್ಧ ಕೋರ್ಟ್ ಬರಿದು. ಭಾರತದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ ಅವರ ಸ್ಮ್ಯಾಶ್ ಗಂಟೆಗೆ 565 ಕಿ.ಮೀ. ವೇಗದ್ದೆಂದು 2023ರಲ್ಲಿ ಗಿನ್ನೆಸ್ ದಾಖಲೆ ಸೇರಿತು. ಅದೇ ವರ್ಷ ಅವರ ಜೋಡಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು ರ‍್ಯಾಂಕಿಂಗ್‌ನಲ್ಲಿ ಮೊದಲ ಸ್ಥಾನಕ್ಕೇರಿತು. ಎಲ್ಲರ ಬಾಯಲ್ಲೂ ಸ್ಮ್ಯಾಶ್‌ನದೇ ಮಾತು. ನನ್ನ ಕಣ್ಣು ಮಾತ್ರ ಆ ಸ್ಮ್ಯಾಶ್ ಹೊತ್ತಿಗೆ ಅವರ ಜೊತೆಗಾರ ಚಿರಾಗ್ ಶೆಟ್ಟಿ ಎಲ್ಲಿ ನಿಂತಿದ್ದಾರೆ ಎಂಬುದನ್ನು ಹುಡುಕುತ್ತದೆ. ಕಸುಬಿನ ಚಾಳಿ.

ರಕ್ಷಣೆಯಲ್ಲಿ ಇಬ್ಬರೂ ಅಕ್ಕಪಕ್ಕ ನಿಲ್ಲುತ್ತೇವೆ ಅನ್ನುವುದು ಎಲ್ಲರಿಗೂ ಗೊತ್ತು. ಅಕ್ಕಪಕ್ಕ ಅಂದರೆ ಒಂದೇ ಸಾಲಿನಲ್ಲಲ್ಲ. ಸ್ಮ್ಯಾಶ್ ಮಾಡುವವನ ನೇರಕ್ಕೆ ಇರುವವನು ಸ್ವಲ್ಪ ಹಿಂದೆ, ಓರೆಯಲ್ಲಿರುವವನು ಸ್ವಲ್ಪ ಮುಂದೆ ಮತ್ತು ನಡುವಿನತ್ತ. ಓರೆಯವನಿಗೆ ನಡುವಿನ ಶಟಲ್ ನೋಡಲು ಒಂದಿಷ್ಟು ಹೆಚ್ಚು ಸಮಯ ಸಿಗುತ್ತದೆ.

ಇನ್ನು ಮಾತಿನ ವಿಷಯ. ನನ್ನ ಮೊದಲ ದೀರ್ಘಕಾಲದ ಜೊತೆಗಾರ ಕೋರ್ಟಿನ ಹೊರಗೆ ಬಾಯಿ ಮುಚ್ಚದವನು, ಒಳಗೆ ಬಂದರೆ ಮೌನಿ. ನಾನು ಅದಕ್ಕೆ ಉಲ್ಟಾ. ಪಾಯಿಂಟ್ ಹೋದಾಗಲೆಲ್ಲ ನಾನು ಏನಾದರೂ ಹೇಳುತ್ತಿದ್ದೆ, ಅವನಿಗೆ ಅದು ದೂರಿನಂತೆ ಕೇಳಿಸುತ್ತಿತ್ತು. ಕೊನೆಗೆ ಒಂದು ಕಟ್ಟುಪಾಡು ಮಾಡಿಕೊಂಡೆವು: ರ‍್ಯಾಲಿ ನಡುವೆ 'ನಂದು', 'ನಿಂದು', 'ಬಿಡು' ಎಂಬ ಮೂರೇ ಮಾತು, ಪಾಯಿಂಟ್ ಮುಗಿದ ಮೇಲೆ ಆಗಿಹೋದದ್ದರ ಸುದ್ದಿಯಿಲ್ಲ, ಮುಂದಿನ ಸರ್ವ್ ಎಲ್ಲಿಗೆ ಅಂತಷ್ಟೆ. ಸರ್ವ್‌ಗೆ ಮೊದಲು ಬೆನ್ನ ಹಿಂದೆ ಬೆರಳು ತೋರಿಸುತ್ತೇವಲ್ಲ, ಅದು ಹಿಂದೆ ನಿಂತವನಿಗಾಗಿ: ಸಣ್ಣ ಸರ್ವೋ ಫ್ಲಿಕ್ಕೋ, ನಡುವಿಗೋ ಅಂಚಿಗೋ ಎಂದು ಅವನಿಗೆ ಗೊತ್ತಿದ್ದರೆ ಅರ್ಧ ಹೆಜ್ಜೆ ಮೊದಲೇ ಹೊರಡುತ್ತಾನೆ. 11 ಪಾಯಿಂಟ್ ಆದಾಗ ಸಿಗುವ 60 ಸೆಕೆಂಡುಗಳಲ್ಲಿ ಇಬ್ಬರು ಕೋಚ್‌ಗಳು ಎರಡು ಕಿವಿಗೆ ಎರಡು ಥರ ಹೇಳಿದರೆ ಕೆಟ್ಟೆವು. ಬೆವರು ಒರೆಸಿ, ನೀರು ಕುಡಿದು, ಒಂದೇ ಒಂದು ಸಲಹೆ ತಲೆಗೆ ಹಾಕಿಕೊಂಡು ಬರುವುದು ಲೇಸು.

ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಈ ದಾರಿಗೆ ಬರುವ ಮಕ್ಕಳ ಅಪ್ಪ ಅಮ್ಮಂದಿರು ಮೊದಲು ಕೇಳುವುದೇ ಅದನ್ನು. ವಿಶ್ವ ಟೂರ್‌ನ ದೊಡ್ಡ ಹಂತದ ಟೂರ್ನಿಯೊಂದರ ಒಟ್ಟು ಬಹುಮಾನದಲ್ಲಿ ಸಿಂಗಲ್ಸ್ ವಿಜೇತರಿಗೆ ಶೇ 7 ಹೋಗುತ್ತದೆ. ಡಬಲ್ಸ್‌ನಲ್ಲಿ ಗೆದ್ದ ಜೋಡಿಗೆ ಶೇ 7.4. ಜೋಡಿಗೆ, ಗಮನಿಸಿ. ಹಂಚಿಕೊಂಡರೆ ತಲಾ ಶೇ 3.7, ಸರಿಸುಮಾರು ಸಿಂಗಲ್ಸ್‌ನ ಫೈನಲ್‌ನಲ್ಲಿ ಸೋತವರಿಗೆ ಸಿಗುವಷ್ಟು. ವಿಮಾನದ ಟಿಕೆಟ್ಟು ಮಾತ್ರ ಇಬ್ಬರಿಗೂ ಪೂರ್ತಿ. ಕೆಳಹಂತದ ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲೇ ಸೋತರೆ ಬರಿಗೈ. ಆದ್ದರಿಂದ ಮೊದಲ ಕೆಲವು ವರ್ಷ ನೌಕರಿ, ಪ್ರಾಯೋಜಕರು, ಲೀಗ್ ಆಟ, ಇಲ್ಲವೇ ಸಂಸ್ಥೆಯ ನೆರವು ಯಾವುದಾದರೂ ಒಂದು ಬೆನ್ನಿಗಿರಬೇಕು. ನನಗೆ ಕ್ಲಬ್ ಲೀಗ್ ಆಡಿದ್ದರಿಂದ ಖರ್ಚು ತೂಗಿತು.

ದುಡ್ಡಿಗಿಂತ ಕಾಡುವುದು ರ‍್ಯಾಂಕಿಂಗ್. ಕಳೆದ 52 ವಾರಗಳಲ್ಲಿ ಆಡಿದ ಟೂರ್ನಿಗಳ ಪೈಕಿ ಉತ್ತಮ 10ರ ಅಂಕಗಳು ಲೆಕ್ಕಕ್ಕೆ ಬರುತ್ತವೆ, ಡಬಲ್ಸ್‌ನಲ್ಲಿ ಆ ಸ್ಥಾನ ಜೋಡಿಯದು. ಜೊತೆಗಾರನ ಪಾದ ತಿರುಚಿದರೆ ನನ್ನ ಕಾಲು ಎಷ್ಟೇ ಗಟ್ಟಿಯಿದ್ದರೂ ಮನೆಯಲ್ಲಿ ಕೂರಬೇಕು. ಅವನಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ನನಗೆ ಹಾಗೇ ಆಯಿತು. ವಾರ ವಾರ ನಮ್ಮ ಹೆಸರು ಪಟ್ಟಿಯಲ್ಲಿ ಕೆಳಗಿಳಿಯುವುದನ್ನು ನೋಡುತ್ತಾ, ಸಣ್ಣ ಟೂರ್ನಿಗಳಲ್ಲಿ ಬೇರೆಯವರ ಜೊತೆ ಆಡಿದೆ. ಅವನು ಮರಳಿ ಬಂದ, ಆದರೆ ಆ ನೆಗೆತ ಬರಲಿಲ್ಲ. ಬೇರೆಯಾಗೋಣ ಅಂತ ಮೊದಲು ಬಾಯಿಬಿಟ್ಟವನೂ ಅವನೇ. ಅದಕ್ಕೆ ನಾನು ಋಣಿ. ಆ ಮಾತನ್ನು ನಾನೇ ಎತ್ತಬೇಕಾಗಿದ್ದರೆ ಇನ್ನೊಂದು ವರ್ಷ ಎಳೆಯುತ್ತಿದ್ದೆನೋ ಏನೋ.

ಜೋಡಿ ಬದಲಾಯಿಸಿದರೆ ವೃತ್ತಿ ಮುಗಿಯಿತು ಎಂದು ಹೆದರುವವರಿಗೆ ನಾನು ಇಂಡೊನೇಷ್ಯಾದ ಹೆಂದ್ರಾ ಸೆತಿಯವಾನ್ ಅವರನ್ನು ತೋರಿಸುತ್ತೇನೆ. ಮಾರ್ಕಿಸ್ ಕಿಡೊ ಜೊತೆ 2007ರಲ್ಲಿ ವಿಶ್ವ ಚಾಂಪಿಯನ್, 2008ರಲ್ಲಿ ಒಲಿಂಪಿಕ್ ಚಿನ್ನ. ಆಮೇಲೆ ಮೊಹಮ್ಮದ್ ಅಹ್ಸಾನ್ ಜೊತೆ 2013, 2015ರಲ್ಲಿ ವಿಶ್ವ ಚಾಂಪಿಯನ್. ಇಬ್ಬರೂ ಸ್ವಲ್ಪ ಕಾಲ ಬೇರೆಯವರೊಂದಿಗೆ ಆಡಿ, ಮತ್ತೆ ಕೂಡಿ, 2019ರಲ್ಲಿ ಇನ್ನೊಮ್ಮೆ ಗೆದ್ದರು. ಆಗ ಹೆಂದ್ರಾ ಅವರಿಗೆ 35. ನೆಗೆತ ಕಡಿಮೆ, ಓಟ ಕಡಿಮೆ, ನೆಟ್ ಬಳಿ ಆ ಮೃದುವಾದ ಕೈ. ಅದೇ ದೇಶದ ಆಟಗಾರ್ತಿ ಗ್ರೇಸಿಯಾ ಪೋಲಿ ಕೂಡ ತಮಗಿಂತ ತುಂಬ ಚಿಕ್ಕವರಾದ ಅಪ್ರಿಯಾನಿ ರಹಾಯು ಜೊತೆ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದಾಗ ಅವರಿಗೆ 33. ಸಿಂಗಲ್ಸ್ ಆಟಗಾರರ ಕಾಲು ಸೋಲುವ ವಯಸ್ಸಿನಲ್ಲಿ ಡಬಲ್ಸ್‌ನವರಿಗೆ ಇನ್ನೂ ಅವಕಾಶವಿದೆ.

ದೇಹದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭುಜ, ಸೊಂಟ, ಮೊಣಕಾಲು, ಹಿಮ್ಮಡಿಯ ಸ್ನಾಯು, ಎಲ್ಲರದೂ ಅದೇ ಪಟ್ಟಿ. ಮುಂದೆ ನಿಲ್ಲುವವನಿಗೆ ಇನ್ನೊಂದು ಅಪಾಯ ಕಣ್ಣು. ಶಟಲ್ ಐದು ಗ್ರಾಂ ಆಸುಪಾಸು ತೂಗಬಹುದು, ಹತ್ತಿರದಿಂದ ಬಂದರೆ ಅದರ ಬೆಂಡಿನ ತುದಿ ಕಣ್ಣುಗುಣಿಯೊಳಗೆ ಕೂರುವಷ್ಟೇ ದಪ್ಪ. ಜೊತೆಗಾರ ಹೊಡೆಯುವಾಗ ಹಿಂದೆ ತಿರುಗಿ ನೋಡಬೇಡಿ, ಅಭ್ಯಾಸದಲ್ಲಿ ಕಣ್ಣು ಕಾಯುವ ಆಟದ ಕನ್ನಡಕ ಹಾಕಿ. ನಾಚಿಕೆಪಟ್ಟುಕೊಳ್ಳುವ ವಿಷಯವೇ ಅಲ್ಲ.

ಈಗಿನ ಜೊತೆಗಾರ ಎಡಗೈಯವನು, ನನಗಿಂತ ಸಾಕಷ್ಟು ಚಿಕ್ಕವನು, 'ಅಣ್ಣ' ಅಂತಲೇ ಕರೆಯುತ್ತಾನೆ, ಪಾಯಿಂಟ್ ಬಿಟ್ಟಾಗ ಬೈಯುವುದಕ್ಕೂ ಅದೇ 'ಅಣ್ಣ'. ಚೀನಾದ ಹೆಸರಾಂತ ಜೋಡಿಯಲ್ಲಿ ಫು ಹೈಫೆಂಗ್ ಎಡಗೈ, ಕಾಯ್ ಯುನ್ ಬಲಗೈ. ಅವರು ನಾಲ್ಕು ವಿಶ್ವ ಪ್ರಶಸ್ತಿ ಗೆದ್ದದ್ದನ್ನು ನೋಡಿ ಎಡ-ಬಲ ಜೋಡಿಯ ಲಾಭ ಗೊತ್ತಿತ್ತು. ತೊಡಕು ಮಾತ್ರ ಆಡಿದ ಮೇಲೆಯೇ ತಿಳಿದದ್ದು. ಇಬ್ಬರೂ ಬಲಗೈಯವರಾದರೆ ನಡುವಿಗೆ ಬಂದ ಶಟಲ್ ಎಡಭಾಗದಲ್ಲಿರುವವನ ಫೋರ್‌ಹ್ಯಾಂಡ್‌ಗೆ ಸಿಗುತ್ತದೆ, ಅವನೇ ಹೊಡೆಯಬಹುದು. ಬಲಗೈಯ ನಾನು ಎಡಕ್ಕೆ, ಅವನು ಬಲಕ್ಕೆ ನಿಂತಾಗ ನಡುವಿನ ಶಟಲ್ ಇಬ್ಬರಿಗೂ ಫೋರ್‌ಹ್ಯಾಂಡ್, ಎರಡು ರ‍್ಯಾಕೆಟ್ ಒಟ್ಟಿಗೆ ಹೊರಡುತ್ತವೆ. ಜಾಗ ಅದಲುಬದಲಾದರೆ ಇಬ್ಬರಿಗೂ ಬ್ಯಾಕ್‌ಹ್ಯಾಂಡ್, ಇಬ್ಬರೂ ಸುಮ್ಮನಿರುತ್ತೇವೆ. ರ‍್ಯಾಕೆಟ್‌ಗಳು ಕಟಕಟ ಬಡಿದು ಒಂದೆರಡು ಮುರಿದೂ ಆಯಿತು. ಸದ್ಯದ ಒಪ್ಪಂದ ಇಷ್ಟು: ಹೊಡೆತ ಬಂದ ಜಾಗಕ್ಕೆ ಓರೆಯಲ್ಲಿರುವವನು ನಡುವಿನದನ್ನು ಹೊಡೆಯಬೇಕು, ನೇರದಲ್ಲಿರುವವನು ಗೆರೆ ಕಾಯಬೇಕು. ಎದುರಾಳಿ ನಡುಕೋರ್ಟಿನಿಂದಲೇ ಹೊಡೆದರೆ ಯಾರು ಓರೆ, ಯಾರು ನೇರ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಈ ವಾರ ಕೋಚ್ ಬುಟ್ಟಿಗಟ್ಟಲೆ ಶಟಲ್‌ಗಳನ್ನು ಅಲ್ಲಿಂದಲೇ ಎಸೆಯುತ್ತಿದ್ದಾರೆ.